ಡೀಸೆಲ್ ಕಾರಿನ ಇಜಿಆರ್: ದೋಷ ಪತ್ತೆ ಹೇಗೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರು ಕಾಯಿಯನ್ನು ಅಟ್ಟದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಒಳಗೆ ಒಣಗಿದೆಯೇ ಎಂದು ತಿಳಿಯಲು ಕಾಯಿಯನ್ನು ಒಡೆಯುವುದಿಲ್ಲ. ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಕೊಬ್ಬರಿ ಚಿಪ್ಪನ್ನು ಬಿಟ್ಟಿದ್ದರೆ ಒಳಗೆ ಉರುಳುವ ಸದ್ದು ಕೇಳುತ್ತದೆ. ಹೊರಗಿನ ಲಕ್ಷಣದಿಂದ ಒಳಗಿನ ಸ್ಥಿತಿಯನ್ನು ತಿಳಿಯುವ ಈ ವಿಧಾನವೇ ಎಂಜಿನ್ನಿನ ದೋಷ ಪತ್ತೆಗೂ ಆಧಾರ. ಇದೇ ಸೀಮೆಯಲ್ಲಿ ತೋಟಕ್ಕೂ ಮಂಡಿಗೂ ಓಡಾಡುವ ಡೀಸೆಲ್ ಕಾರುಗಳನ್ನೇ ಉದಾಹರಣೆಯಾಗಿ ನೋಡೋಣ.

ಹೊಗೆಯನ್ನು ಮರಳಿಸುವುದೇಕೆ?

ಗಾಳಿಯಲ್ಲಿ ಶೇಕಡ 78 ಭಾಗ ನೈಟ್ರೊಜನ್, 21 ಭಾಗ ಆಕ್ಸಿಜನ್ ಇರುವುದು ನಿಮಗೆ ಗೊತ್ತು. ಸಾಮಾನ್ಯ ತಾಪದಲ್ಲಿ ಇವೆರಡೂ ಸಂಯೋಗ ಹೊಂದುವುದಿಲ್ಲ. ಆದರೆ ಸಿಲಿಂಡರಿನೊಳಗೆ ಜ್ವಾಲೆಯ ತಾಪ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಅವು ಕೂಡಿ ನೈಟ್ರೊಜನ್ ಆಕ್ಸೈಡುಗಳಾಗುತ್ತವೆ. ಇವು ಶ್ವಾಸಕೋಶಕ್ಕೆ ಹಾನಿಕರ. ಬಿಸಿಲಿನಲ್ಲಿ ಇಂಧನದ ಆವಿಯಂಥ ವಸ್ತುಗಳ ಜೊತೆ ಸೇರಿ ನೆಲಮಟ್ಟದಲ್ಲಿ ಓಜೋನನ್ನೂ ಉಂಟುಮಾಡುತ್ತವೆ.

ಇದನ್ನು ತಗ್ಗಿಸುವ ಉಪಾಯವೇ ನಿಷ್ಕಾಸ ಅನಿಲದ ಮರುಪರಿಚಲನೆ. ಗ್ಯಾರೇಜಿನಲ್ಲಿ ಇದರ ಹೆಸರು 'ಇಜಿಆರ್'. ಹೊರಹೋಗುವ ಅನಿಲದ ಒಂದಂಶವನ್ನು ಒಂದು ಕವಾಟದ ಮೂಲಕ ಮತ್ತೆ ಒಳಗಾಳಿಗೆ ಸೇರಿಸಲಾಗುತ್ತದೆ. ಆಗ ಆಕ್ಸಿಜನ್ನಿನ ಪಾಲು ಕಡಿಮೆಯಾಗುತ್ತದೆ. ಅನಿಲದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಹೆಚ್ಚು ಉಷ್ಣವನ್ನು ಹೀರುತ್ತವೆ. ಪರಿಣಾಮವಾಗಿ ಜ್ವಾಲೆಯ ತಾಪ ಇಳಿಯುತ್ತದೆ. ಎಂಜಿನ್ನಿಗೆ ಪೂರ್ಣ ಶಕ್ತಿ ಬೇಕಾದಾಗ ಕವಾಟ ಮುಚ್ಚಿಕೊಳ್ಳುತ್ತದೆ.

2017ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 4 ನಿಯಮದಂತೆ ಡೀಸೆಲ್ ಕಾರು ಕಿಲೋಮೀಟರಿಗೆ 0.25 ಗ್ರಾಮ್ ನೈಟ್ರೊಜನ್ ಆಕ್ಸೈಡ್ ಬಿಡಬಹುದಿತ್ತು. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸ್ಟೇಜ್ 6ರಲ್ಲಿ ಈ ಮಿತಿ 0.08 ಗ್ರಾಮ್.

ಎರಡು ಬಗೆಯ ದೋಷ

ಮರಳುವ ಅನಿಲದಲ್ಲಿ ಮಸಿ ಇರುತ್ತದೆ. ಅದು ಎಣ್ಣೆಯ ಆವಿಯೊಂದಿಗೆ ಬೆರೆತು ಕವಾಟಕ್ಕೆ ಅಂಟುತ್ತದೆ. ತೋಟದಿಂದ ಮನೆಗೆ, ಮನೆಯಿಂದ ಮಂಡಿಗೆ ಎಂದು ಕಡಿಮೆ ದೂರವನ್ನು ನಿಧಾನವಾಗಿ ಓಡುವ, ನಿಂತಲ್ಲೇ ಎಂಜಿನ್ ಚಾಲೂ ಇರುವ ಕಾರಿನಲ್ಲಿ ನಿಷ್ಕಾಸ ಅನಿಲ ಸಾಕಷ್ಟು ಬಿಸಿಯೇರುವುದಿಲ್ಲ. ಆಗ ಮಸಿ ಇನ್ನೂ ಬೇಗ ಕಟ್ಟುತ್ತದೆ.

ಕವಾಟ ತೆರೆದೇ ಸಿಕ್ಕಿಕೊಂಡರೆ ಆಕ್ಸಿಜನ್ ಸಾಲದೆ ಕಪ್ಪು ಹೊಗೆ ಬರುತ್ತದೆ, ನಿಂತಾಗ ಎಂಜಿನ್ ನಡುಗುತ್ತದೆ, ಏರಿನಲ್ಲಿ ಎಳೆತ ಕುಗ್ಗುತ್ತದೆ. ಮಾಲೀಕ ಆ ದಿನವೇ ಮೆಕ್ಯಾನಿಕ್ ಬಳಿ ಹೋಗುತ್ತಾನೆ. ಮುಚ್ಚಿಯೇ ಸಿಕ್ಕಿಕೊಂಡರೆ ಕಾರು ಚೆನ್ನಾಗಿಯೇ ಓಡುತ್ತದೆ. ಎಚ್ಚರಿಕೆಯ ದೀಪ ಹೊತ್ತಿಕೊಳ್ಳಬಹುದು, ಅಷ್ಟೆ. ಆದರೆ ಕಣ್ಣಿಗೆ ಕಾಣದ ನೈಟ್ರೊಜನ್ ಆಕ್ಸೈಡ್ ಹೆಚ್ಚುತ್ತದೆ.

ಪತ್ತೆಯ ಕ್ರಮ

ಮೊದಲು ಸ್ಕ್ಯಾನರ್ ಜೋಡಿಸಿ ದೋಷಸಂಕೇತ ಓದಬೇಕು. ಪಿ 0401 ಎಂದರೆ ಮರಳುವ ಅನಿಲ ಸಾಲದು. ಪಿ 0402 ಎಂದರೆ ಅತಿಯಾಗಿದೆ. ಪಿ 0403 ಎಂದರೆ ವಿದ್ಯುತ್ ಮಂಡಲದಲ್ಲಿ ತೊಂದರೆ. ಸಂಕೇತ ಹೇಳುವುದು ಲಕ್ಷಣವನ್ನು, ಕಾರಣವನ್ನಲ್ಲ. ಅದನ್ನು ನೋಡಿದೊಡನೆ ಹೊಸ ಕವಾಟ ಕೊಳ್ಳುವುದು ಜ್ವರ ಅಳೆದು ನೇರವಾಗಿ ಔಷಧಿ ನುಂಗಿದಂತೆ.

ಏಕೆಂದರೆ ಅನೇಕ ಕಾರುಗಳಲ್ಲಿ ಮರಳುವ ಅನಿಲವನ್ನು ನೇರವಾಗಿ ಅಳೆಯುವುದಿಲ್ಲ. ಏರ್ ಫಿಲ್ಟರಿನ ಬಳಿಯ ಸಂವೇದಕ ಹೊಸ ಗಾಳಿಯನ್ನು ಅಳೆಯುತ್ತದೆ. ಕವಾಟ ತೆರೆದಾಗ ಹೊಸ ಗಾಳಿ ಎಷ್ಟು ಇಳಿಯಿತು ಎಂಬುದರಿಂದ ಮರಳಿದ ಅನಿಲದ ಲೆಕ್ಕ. ಈಗ ಟರ್ಬೊ ನಂತರದ ಕೊಳವೆ ಬಿರುಕು ಬಿಟ್ಟಿದೆ ಎನ್ನಿ. ಸೋರಿಹೋಗುವ ಗಾಳಿಯೂ ಸಂವೇದಕವನ್ನು ದಾಟಿಯೇ ಬಂದಿರುತ್ತದೆ. ಗಾಳಿಯ ಅಳತೆ ಹೆಚ್ಚು ಕಾಣುವುದರಿಂದ, ಕವಾಟ ಸರಿಯಿದ್ದರೂ ಪಿ 0401 ಬರಬಹುದು. ಆದ್ದರಿಂದ ಏರ್ ಫಿಲ್ಟರ್, ಕೊಳವೆಗಳು, ಸಂವೇದಕ, ತಂತಿಯ ಜೋಡಣೆ ಇವುಗಳನ್ನು ಮೊದಲು ನೋಡಬೇಕು.

ಬಳಿಕ ಎಂಜಿನ್ ಬಿಸಿಯಾಗಿ ನಿಂತಲ್ಲೇ ಓಡುತ್ತಿರುವಾಗ, ಬಯಲಿನಲ್ಲಿ, ಸ್ಕ್ಯಾನರಿನಿಂದ ಕವಾಟಕ್ಕೆ ತೆರೆಯುವ ಆದೇಶ ಕೊಡಬೇಕು. ಮೂರು ಫಲಿತಾಂಶಗಳು ಸಾಧ್ಯ:

1. ಕವಾಟ ತೆರೆದು ಹೊಸ ಗಾಳಿಯ ಅಳತೆ ಇಳಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ.
2. ಕವಾಟ ತೆರೆದರೂ ಅಳತೆ ಇಳಿಯದಿದ್ದರೆ ಅನಿಲದ ದಾರಿ ಮಸಿಯಿಂದ ಮುಚ್ಚಿರಬಹುದು.
3. ಆದೇಶ ಕೊಟ್ಟರೂ ಕವಾಟ ಚಲಿಸದಿದ್ದರೆ ಅದು ಸಿಕ್ಕಿಕೊಂಡಿದೆ, ಇಲ್ಲವೆ ವಿದ್ಯುತ್ ತಲಪುತ್ತಿಲ್ಲ.

ಎಷ್ಟೋ ವೇಳೆ ಎಂಜಿನ್ ತಣ್ಣಗಾದ ಮೇಲೆ ಕವಾಟ ಬಿಚ್ಚಿ ಮಸಿ ತೆಗೆದರೆ ಸಾಕಾಗುತ್ತದೆ.

ತಗಡಿನ ಬಿರಡೆ

ಕೆಲವರು ಇದಕ್ಕೆಲ್ಲ ಹೋಗದೆ, ಕವಾಟದ ದಾರಿಗೆ ತಗಡಿನ ತುಂಡು ಇಟ್ಟು ಮುಚ್ಚಿಬಿಡುತ್ತಾರೆ. ಕಪ್ಪು ಹೊಗೆ ನಿಲ್ಲುತ್ತದೆ, ಎಳೆತ ಮರಳುತ್ತದೆ, ಮಾಲೀಕನಿಗೂ ಸಮಾಧಾನ. ಹೊಗೆ ತಪಾಸಣೆಯ ಪ್ರಮಾಣಪತ್ರವೂ ಸಿಗುತ್ತದೆ. ಡೀಸೆಲ್ ಕಾರಿಗೆ ಅಲ್ಲಿ ಅಳೆಯುವುದು ಹೊಗೆಯ ಸಾಂದ್ರತೆಯನ್ನೇ ಹೊರತು ನೈಟ್ರೊಜನ್ ಆಕ್ಸೈಡನ್ನಲ್ಲ. ನಿಜದಲ್ಲಿ ಆಗಿರುವುದೇನು? ಮಾಲೀಕನಿಗೆ ತಿಳಿಯುತ್ತಿದ್ದ ದೋಷವನ್ನು ತೆಗೆದು, ಅವನಿಗೆ ತಿಳಿಯದ ದೋಷವನ್ನು ಕೂರಿಸಿದಂತಾಯಿತು. ಅದರ ಫಲ ಉಣ್ಣುವವರು ಮಂಡಿಯ ಬೀದಿಯಲ್ಲಿ ಮೂಟೆ ಹೊರುವವರು, ರಸ್ತೆ ಬದಿಯ ಶಾಲೆಯ ಮಕ್ಕಳು.

ಅಧ್ಯಾಪಕರು ಈ ಮೂರು ಫಲಿತಾಂಶಗಳನ್ನು ಕರಿಹಲಗೆಯ ಮೇಲೆ ಬರೆದು, ಪ್ರತಿಯೊಂದಕ್ಕೂ ಕಾರಣ ಹೇಳುವಂತೆ ವಿದ್ಯಾರ್ಥಿಗಳನ್ನು ಕೇಳಬಹುದು. ಒಂದು ಪ್ರಶ್ನೆ ನಿಮಗೂ ಇರಲಿ: ಗಾಳಿಯ ಸಂವೇದಕಕ್ಕೆ ದೂಳು ಹಿಡಿದು ಅಳತೆ ಕಡಿಮೆ ತೋರಿಸಿದರೆ, ಪಿ 0401 ಬಂದೀತೇ, ಪಿ 0402 ಬಂದೀತೇ?