ಹಲ್ಲುಸೆಟ್ಟು ನಡುವೆಯೇ ಸೀಳುವುದೇಕೆ?

ಪ್ರಶ್ನೆ: ನಮ್ಮ ತಂದೆಯವರ ಮೇಲ್ದವಡೆಯ ಹಲ್ಲುಸೆಟ್ಟು ಎರಡು ಸಲವೂ ಸರಿಯಾಗಿ ನಡುವೆಯೇ ಮುರಿಯಿತು. ಹೀಗೇಕೆ? ಅದನ್ನು ಗಟ್ಟಿಮಾಡಲಾಗದೆ?

ಉತ್ತರ: ಕೃತಕ ದಂತಗಳನ್ನು ಹೊತ್ತು ನಿಲ್ಲುವ ಆ ಗುಲಾಬಿ ಬಣ್ಣದ ಪೀಠವು, 1930ರ ದಶಕದ ಉತ್ತರಾರ್ಧದಿಂದೀಚೆಗೆ ಗಂಧಕ ಬೆರೆಸಿ ಕಾಯಿಸಿದ ರಬ್ಬರಿನ ಸ್ಥಾನವನ್ನು ಆಕ್ರಮಿಸಿದ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನದು, ನೋಡಲು ಸುಂದರ, ತೂಕದಲ್ಲಿ ಹಗುರ, ಆದರೆ ಸ್ವಭಾವದಲ್ಲಿ ಪೆಡಸು. ಅಗಿಯುವಾಗ ಒತ್ತಡವೆಲ್ಲ ಎರಡು ಪಾರ್ಶ್ವಗಳ ಮೇಲೆ ಬೀಳುವುದರಿಂದ, ಕಾಲಕ್ರಮದಲ್ಲಿ ವಸಡಿನಡಿಯ ಮೂಳೆ ಸವೆದಂತೆಲ್ಲ, ಪೀಠವು ಅಂಗುಳಿನ ಗಟ್ಟಿಯಾದ ನಡುಗೆರೆಯನ್ನೇ ಆಧಾರವಾಗಿಸಿಕೊಂಡು ತುತ್ತುತುತ್ತಿಗೂ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮೇಲ್ದುಟಿಯ ಒಳಗಿನ ಎಳೆಗೆ ಎಡೆಗೊಡಲೆಂದು ಮುಂಭಾಗದಲ್ಲಿ ಕೊರೆದ ಕಚ್ಚಿನಲ್ಲಿ ಆ ಸೆಳೆತವೆಲ್ಲ ಸಂಚಯಗೊಂಡು, ಅಲ್ಲಿಂದ ಸೂಕ್ಷ್ಮವಾದ ಬಿರುಕೊಂದು ಹೊರಟು ಹಿಂದಕ್ಕೆ ಸಾಗುತ್ತದೆ. ಮುರಿದದ್ದು ಕಡಲೆ ಅಗಿದ ದಿನವೇ ಆದರೂ ಅಪರಾಧ ಕಡಲೆಯದಲ್ಲ!

ಗಟ್ಟಿಮಾಡಲು ಸಾಧ್ಯವುಂಟು. ಮಣ್ಣಿನ ಗೋಡೆಯಿಡುವವರು ಕೆಸರಿಗೆ ಹುಲ್ಲು ಸೇರಿಸಿ ತುಳಿಯುವಂತೆ, ಅಕ್ರಿಲಿಕ್ಕಿನೊಳಗೆ ಗಾಜಿನ ನೂಲುಗಳನ್ನು ಹುದುಗಿಸಿದರೆ ಮುಂದೊತ್ತುವ ಬಿರುಕಿಗೆ ಅವು ಅಡ್ಡನಿಲ್ಲುತ್ತವೆ. ಆದರೆ ಎರಡಕ್ಕೂ ಬೆಸುಗೆಯಾಗುವಂತೆ ನೂಲಿಗೆ ಸಿಲೇನ್ ಎಂಬ ರಾಸಾಯನಿಕದ ಲೇಪವಿರದಿದ್ದಲ್ಲಿ, ಆ ನೂಲೇ ಹೊಸ ಬಿರುಕಿಗೆ ದಾರಿಯಾದೀತು. ತೊಳೆಯುವಾಗ ಕೈಜಾರಿ ಬೀಳಿಸುವವರಿಗೆ, ರಬ್ಬರಿನ ಸಣ್ಣ ಕಣಗಳನ್ನು ಬೆರೆಸಿದ, ಪೆಟ್ಟಿನ ಶಕ್ತಿಯನ್ನು ಹೀರಿಕೊಳ್ಳಬಲ್ಲ ಅಕ್ರಿಲಿಕ್ ಮೇಲು. ಇವೂ ಸಾಲದೆಂದರೆ ಕೋಬಾಲ್ಟ್-ಕ್ರೋಮಿಯಂ ಲೋಹದ ಪೀಠವಿದೆ. ಆದರೆ ತಮ್ಮ ತಂದೆಯವರ ವಸಡಿಗೂ ಪೀಠಕ್ಕೂ ನಡುವೆ ಸಂದು ಬಿದ್ದಿದ್ದರೆ, ದಂತವೈದ್ಯರಿಂದ ಒಳಮೈಗೆ ಹೊಸ ಅಸ್ತರು ಕೊಡಿಸುವುದೇ ಮೊದಲ ಕೆಲಸ.