ಹೈಪರ್-ವಿ ಸರ್ವರ್‌ನ ಲೋಕಲ್ ಅಡ್ಮಿನ್ ಖಾತೆ: ತಪ್ಪು ಕಲ್ಪನೆ ಮತ್ತು ಸತ್ಯ

ಹೈಪರ್-ವಿ ಸರ್ವರನ್ನು ಡೊಮೈನ್‌ಗೆ ಸೇರಿಸಿದ ಮೇಲೆ ಅದರ ಲೋಕಲ್ ಅಡ್ಮಿನಿಸ್ಟ್ರೇಟರ್ ಖಾತೆಯ ಕಡೆ ಗಮನ ಹರಿಯುವುದೇ ಕಡಿಮೆ. ಆದರೆ ಆ ಖಾತೆ ಕೈಗೆ ಸಿಕ್ಕವರಿಗೆ ಆ ಸರ್ವರ್ ಮೇಲಿನ ಎಲ್ಲ ವರ್ಚುವಲ್ ಮಷೀನ್‌ಗಳ ಡಿಸ್ಕ್ ಫೈಲ್‌ಗಳೂ ಸಿಕ್ಕಂತೆ.

ತಪ್ಪು ಕಲ್ಪನೆ: ಡೊಮೈನ್ ಇದ್ದರೆ ಲೋಕಲ್ ಖಾತೆ ಬೇಡ.
ಸತ್ಯ: ಡೊಮೈನ್‌ಗೆ ಸೇರಿಸಿದಾಗ ಡೊಮೈನ್ ಅಡ್ಮಿನ್ಸ್ ಗುಂಪಿಗೂ ಸರ್ವರ್ ಮೇಲೆ ಪೂರ್ಣ ಅಧಿಕಾರ ಬರುತ್ತದೆ, ಲೋಕಲ್ ಖಾತೆ ಹಾಗೆಯೇ ಉಳಿಯುತ್ತದೆ. ಡೊಮೈನ್ ಕಂಟ್ರೋಲರ್ ಅದೇ ಸರ್ವರ್ ಮೇಲೆ ವರ್ಚುವಲ್ ಮಷೀನ್ ಆಗಿದ್ದು, ಒಂದು ದಿನ ಅದು ಏಳದೇ ಹೋದರೆ ಡೊಮೈನ್ ಪಾಸ್‌ವರ್ಡ್ ಪರಿಶೀಲಿಸಲು ಯಾರೂ ಇರುವುದಿಲ್ಲ. ಹಿಂದೆ ಲಾಗಿನ್ ಆದವರ ಮಾಹಿತಿ ಸರ್ವರ್‌ನಲ್ಲಿ ಉಳಿದಿರದಿದ್ದರೆ ಲೋಕಲ್ ಖಾತೆಯೇ ಗತಿ.

ತಪ್ಪು ಕಲ್ಪನೆ: ಹೆಸರು ಬದಲಿಸಿದರೆ ಖಾತೆ ಅಡಗುತ್ತದೆ.
ಸತ್ಯ: ವಿಂಡೋಸ್ ಜೊತೆಗೇ ಬರುವ ಈ ಖಾತೆಯ ಗುರುತಿನ ಸಂಖ್ಯೆ ಯಾವಾಗಲೂ 500ರಲ್ಲೇ ಕೊನೆಗೊಳ್ಳುತ್ತದೆ. ದಾಳಿಕೋರರು ಹುಡುಕುವುದು ಅದನ್ನೇ, ಹೆಸರನ್ನಲ್ಲ.

ತಪ್ಪು ಕಲ್ಪನೆ: ಎಲ್ಲ ಸರ್ವರ್‌ಗೂ ಒಂದೇ ಗಟ್ಟಿ ಪಾಸ್‌ವರ್ಡ್ ಸಾಕು.
ಸತ್ಯ: ಒಂದು ಸರ್ವರ್‌ನಿಂದ ಪಾಸ್‌ವರ್ಡ್‌ನ ಹ್ಯಾಶ್ ಕದ್ದವರು, ಅಸಲಿ ಪಾಸ್‌ವರ್ಡ್ ತಿಳಿಯದೆಯೇ ಉಳಿದ ಸರ್ವರ್‌ಗಳಿಗೂ ನುಗ್ಗಬಲ್ಲರು. ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್ ಮೂಲಕ ಪಾಸ್‌ವರ್ಡ್ ಹಂಚುವ ಹಳೆಯ ರೂಢಿ ಇನ್ನೂ ಅಪಾಯಕಾರಿ. ಹಾಗೆ ಹಂಚಿದ ಪಾಸ್‌ವರ್ಡ್‌ನ ಗೂಢಲಿಪಿ ಬಿಡಿಸುವ ಕೀಲಿ ಎಲ್ಲರಿಗೂ ಲಭ್ಯವಿದ್ದುದರಿಂದ ಮೈಕ್ರೋಸಾಫ್ಟ್ 2014ರಲ್ಲಿ ಆ ಸೌಲಭ್ಯವನ್ನೇ ತೆಗೆಯಿತು. ಪ್ರತಿ ಸರ್ವರ್‌ಗೂ ಬೇರೆ ಪಾಸ್‌ವರ್ಡ್ ಇರಲಿ. ಲೋಕಲ್ ಅಡ್ಮಿನ್ ಖಾತೆಗಳಿಗೆ ನೆಟ್‌ವರ್ಕ್ ಮತ್ತು ರಿಮೋಟ್ ಡೆಸ್ಕ್‌ಟಾಪ್ ಲಾಗಿನ್ ತಡೆದು, ಕನ್ಸೋಲ್ ಮಾತ್ರ ಉಳಿಸಿ.

ತಪ್ಪು ಕಲ್ಪನೆ: ವರ್ಚುವಲ್ ಮಷೀನ್ ನೋಡಿಕೊಳ್ಳುವವರೆಲ್ಲ ಅಡ್ಮಿನ್ ಆಗಿರಬೇಕು.
ಸತ್ಯ: ವಿಂಡೋಸ್ ಸರ್ವರ್ 2012ರಿಂದಲೇ ಅದಕ್ಕೆಂದು ಹೈಪರ್-ವಿ ಅಡ್ಮಿನಿಸ್ಟ್ರೇಟರ್ಸ್ ಎಂಬ ಪ್ರತ್ಯೇಕ ಗುಂಪಿದೆ.

ತಪ್ಪು ಕಲ್ಪನೆ: ಲೋಕಲ್ ಅಡ್ಮಿನ್ ಪಾಸ್‌ವರ್ಡನ್ನು ತಾನೇ ಬದಲಿಸುವ ಲ್ಯಾಪ್ಸ್ (LAPS) ಅಳವಡಿಸಿದರೆ ಕೆಲಸ ಮುಗಿಯಿತು.
ಸತ್ಯ: ಏಪ್ರಿಲ್ 2023ರ ಅಪ್‌ಡೇಟ್‌ನಿಂದ ವಿಂಡೋಸ್‌ನಲ್ಲೇ ಸೇರಿರುವ ಲ್ಯಾಪ್ಸ್ ನಿಜಕ್ಕೂ ಒಳ್ಳೆಯ ಸಾಧನ. ನೀವು ಬೇರೆ ಹೇಳದಿದ್ದರೆ ಅದು 30 ದಿನಕ್ಕೊಮ್ಮೆ 14 ಅಕ್ಷರಗಳ ಹೊಸ ಪಾಸ್‌ವರ್ಡ್ ಇಡುತ್ತದೆ. ಆದರೆ ಆ ಪಾಸ್‌ವರ್ಡ್ ಸಾಮಾನ್ಯವಾಗಿ ಆಕ್ಟಿವ್ ಡೈರೆಕ್ಟರಿಯಲ್ಲಿ ಇರುತ್ತದೆ. ಇದ್ದೊಂದು ಡೊಮೈನ್ ಕಂಟ್ರೋಲರ್ ಕೆಟ್ಟು ನಿಂತಾಗ, ಅದನ್ನು ಹೊತ್ತ ಸರ್ವರ್‌ನ ಪಾಸ್‌ವರ್ಡ್ ಓದಲು ದಾರಿಯೇ ಇರುವುದಿಲ್ಲ. ಆದ್ದರಿಂದ ಇನ್ನೊಂದು ಡೊಮೈನ್ ಕಂಟ್ರೋಲರ್ ಬೇರೆ ಯಂತ್ರದ ಮೇಲಿರಲಿ. ಪಾಸ್‌ವರ್ಡ್‌ನ ಒಂದು ಪ್ರತಿ ಡೊಮೈನ್ ಆಚೆ ಭದ್ರವಾಗಿರಲಿ; ಪಾಸ್‌ವರ್ಡ್ ಬದಲಾದಾಗಲೆಲ್ಲ ಆ ಪ್ರತಿಯೂ ಬದಲಾಗಲಿ.

ಕೊನೆಗೊಂದು ಮನವಿ. ತೊಂದರೆ ಬರುವ ತನಕ ಕಾಯಬೇಡಿ. ಎಲ್ಲ ಸರಿಯಿರುವ ದಿನವೇ ಕನ್ಸೋಲ್ ಮುಂದೆ ಕುಳಿತು, ಲೋಕಲ್ ಖಾತೆಯಿಂದ ಲಾಗಿನ್ ಆಗುತ್ತದೆಯೇ ಎಂದು ಪರೀಕ್ಷಿಸಿ.