ಬಿಸಿಲಿನ ಬಲದಿಂದ ಬೆಟ್ಟವೇರುವ ನೀರು

ತಗ್ಗಿನತ್ತ ಹರಿಯುವುದು ನೀರಿನ ಸಹಜ ಧರ್ಮ. ಮನುಷ್ಯನಾದರೋ ಅನೇಕ ಕಡೆಗಳಲ್ಲಿ ಎತ್ತರದಲ್ಲಿ ನೆಲೆ ನಿಂತಿದ್ದಾನೆ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟಗಳಂತಹ ಸೀಮೆಯಲ್ಲಿ, ಮನೆಗಳು ಇಳಿಜಾರಿನಲ್ಲಿಯೂ ಬೇಸಗೆಗೆ ಒದಗುವ ನೀರು ಕಣಿವೆಯಲ್ಲಿಯೂ ಇರುವ ಊರುಗಳಲ್ಲಿ, ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡವನ್ನು ಹೊತ್ತು ಕಡಿದಾದ ಕಾಲುದಾರಿಯನ್ನೇರುವ ಶ್ರಮವು ತಲೆಮಾರುಗಳಿಂದ ಹೆಂಗಸರ ಪಾಲಿಗೆ ಬಂದಿದೆ. ಕಾಡಿನ ನಡುವೆ ವಿದ್ಯುತ್ತಿನ ತಂತಿಯನ್ನೆಳೆಯುವುದು ದುಸ್ತರ. ಡೀಸೆಲ್ಲನ್ನು ಹೊತ್ತು ತಂದು ಯಂತ್ರ ನಡೆಸುವುದು ದುಬಾರಿ. ಅಲ್ಲಿ ಧಾರಾಳವಾಗಿರುವುದು ಬಿಸಿಲು.

ಬಿಸಿಲಿನಿಂದ ನೀರೆತ್ತುವ ಯೋಚನೆ ಹೊಸದಲ್ಲ. ಅಮೆರಿಕದ ಫ್ರಾಂಕ್ ಶುಮನ್ ಎಂಬಾತನು 1913ರಲ್ಲಿ ಈಜಿಪ್ಟಿನಲ್ಲಿ ಉದ್ದನೆಯ ಬಾಗುಗನ್ನಡಿಗಳಿಂದ ಸೂರ್ಯಕಿರಣಗಳನ್ನು ಕೇಂದ್ರೀಕರಿಸಿ, ಹಬೆಯೆಬ್ಬಿಸಿ, ನೈಲ್ ನದಿಯ ನೀರನ್ನು ಹೊಲಗಳಿಗೆ ಹಾಯಿಸಿದನು. 1954ರಲ್ಲಿ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಸಿಲಿಕಾನ್ ಸೌರಕೋಶವನ್ನು ಸಿದ್ಧಪಡಿಸಿದ ಮೇಲೆ ಹಬೆಯ ಹಂಗು ತಪ್ಪಿ, ಬೆಳಕು ನೇರವಾಗಿ ವಿದ್ಯುತ್ತಾಗಿ ಪಂಪನ್ನು ತಿರುಗಿಸುವ ಮಾರ್ಗ ತೆರೆಯಿತು.

ಇದಕ್ಕೆ ಬೇಕಾಗುವ ಶಕ್ತಿಯಾದರೂ ಎಷ್ಟು? ನಲವತ್ತು ಮನೆಗಳ, ಇನ್ನೂರು ಜನರ ಒಂದು ಊರನ್ನು ಭಾವಿಸೋಣ. ಜಲಜೀವನ ಮಿಷನ್ನಿನ ಪ್ರಮಾಣದಂತೆ ತಲೆಗೆ ದಿನಕ್ಕೆ 55 ಲೀಟರಿನ ಲೆಕ್ಕದಲ್ಲಿ 11,000 ಲೀಟರು ಬೇಕು. ಅಷ್ಟನ್ನು 80 ಮೀಟರು ಎತ್ತಲು ಸುಮಾರು ಎರಡೂವರೆ ಯೂನಿಟ್ಟು ಸಾಕು. ಮೋಟಾರು, ಪಂಪು, ಕೊಳವೆಗಳಲ್ಲಿ ನಷ್ಟವಾಗುವುದನ್ನೂ ಸೇರಿಸಿದರೆ ಆರು ಯೂನಿಟ್ಟಾದೀತು. ನಮ್ಮ ನಾಡಿನ ಒಳ್ಳೆಯ ಬಿಸಿಲಿನಲ್ಲಿ ಒಂದು ಕಿಲೋವ್ಯಾಟಿನ ಫಲಕಗಳು ದಿನಕ್ಕೆ ನಾಲ್ಕು ಯೂನಿಟ್ಟಿನಷ್ಟು ಕೊಡುವುದರಿಂದ, ಮೋಡದ ದಿನಗಳನ್ನು ಗಮನದಲ್ಲಿಟ್ಟರೂ ಎರಡು ಕಿಲೋವ್ಯಾಟು ಸಾಕಾಗುತ್ತದೆ.

ರಾತ್ರಿಗೆಂದು ಬ್ಯಾಟರಿಯಲ್ಲಿ ವಿದ್ಯುತ್ತನ್ನು ಕೂಡಿಡುವ ಅಗತ್ಯವಿಲ್ಲದಿರುವುದೇ ಈ ವ್ಯವಸ್ಥೆಯ ಮಹತ್ತರ ಗುಣ. ಬೆಳಗ್ಗೆ ಮೆಲ್ಲನೆ ಮೊದಲಾದ ಪಂಪು ಮಧ್ಯಾಹ್ನ ಪೂರ್ಣವೇಗದಿಂದ ನಡೆದು, ಊರಿನ ನೆತ್ತಿಯ ಮೇಲಿನ ತೊಟ್ಟಿಯನ್ನು ತುಂಬಿಸಿದರೆ, ಅಲ್ಲಿಂದಾಚೆಗೆ ನೀರು ತನ್ನ ಭಾರದಿಂದಲೇ ಹಗಲಿರುಳೆನ್ನದೆ ನಲ್ಲಿಗಳಿಗೆ ಇಳಿಯುತ್ತದೆ. ಆದಕಾರಣ ಹಣವನ್ನು ಬ್ಯಾಟರಿಗೆ ಸುರಿಯದೆ, ಎರಡು ಮೂರು ದಿನಕ್ಕಾಗುವಷ್ಟು ದೊಡ್ಡ ತೊಟ್ಟಿಗೆ ವ್ಯಯಿಸುವುದು ವಿವೇಕ.

ಎಚ್ಚರ ವಹಿಸಬೇಕಾದ ಸಂಗತಿಗಳೂ ಉಂಟು. ಪ್ರತಿ ಹತ್ತು ಮೀಟರು ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಂತೆ ಒತ್ತಡ ಏರುವುದರಿಂದ, ಅಗ್ಗದ ತೆಳು ಪೈಪು ಕಣಿವೆಯ ಬುಡದಲ್ಲಿ ಸೀಳಿಹೋಗುತ್ತದೆ. ಪಂಪು ನಿಂತೊಡನೆ ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ವಾಲ್ವು ಇರಲೇಬೇಕು. ಕೊಂಬೆಯೊಂದರ ನೆರಳು ಫಲಕದ ಮೂಲೆಗೆ ಬಿದ್ದರೂ ವಿದ್ಯುತ್ತು ಗಣನೀಯವಾಗಿ ಕುಗ್ಗುತ್ತದೆ. ಫಲಕದ ಧೂಳೊರಸಿ, ಸೋರುವ ನಲ್ಲಿಗೆ ವಾಷರು ಹಾಕುವ ನೀರುಗಂಟಿಯೊಬ್ಬನನ್ನು ಊರೇ ನೇಮಿಸಿ, ಅವನ ಸಂಬಳಕ್ಕೂ ಮುಂದಿನ ದುರಸ್ತಿಗೂ ಮನೆಮನೆಯಿಂದ ತಿಂಗಳು ತಿಂಗಳು ವಂತಿಗೆ ಕೂಡಿಸದಿದ್ದರೆ, ಎಂತಹ ಉತ್ತಮ ಯಂತ್ರವೂ ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿಯುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಪಂಪು ನೀರನ್ನು ಎತ್ತಬಲ್ಲುದಲ್ಲದೆ ಸೃಷ್ಟಿಸಲಾರದು. ಇಂತಹ ಯೋಜನೆಯನ್ನು ಕೈಗೊಳ್ಳುವ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಫಲಕಗಳನ್ನು ಕೊಳ್ಳುವ ಮುನ್ನ ಏಪ್ರಿಲ್–ಮೇ ತಿಂಗಳಲ್ಲಿ ಕಣಿವೆಯ ಬುಗ್ಗೆಯ ನೀರನ್ನು ಅಳೆಯಲಿ. ಅದರ ಮೇಲಣ ಕಾಡನ್ನು ಕಡಿಯದೆ ಕಾಪಾಡಲಿ.